ಗಾಳಿಗೆ ಲೆಕ್ಕ ಬರೆದ ವಿದ್ವಾಂಸ: ಸ್ವಾಂಟೆ ಅರೇನಿಯಸ್

ವಿದ್ಯಾರ್ಥಿಯ ಯೋಗ್ಯತೆಯನ್ನು ಪರೀಕ್ಷೆಯ ದರ್ಜೆಯಿಂದ ಅಳೆಯುವುದು ಎಷ್ಟರ ಮಟ್ಟಿಗೆ ಸರಿ ಎಂಬ ಪ್ರಶ್ನೆ ಪಾಠಶಾಲೆಗಳು ಹುಟ್ಟಿದಂದಿನಿಂದಲೂ ಉಳಿದುಬಂದಿದೆ. ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗಲೆಲ್ಲ ನೆನಪಿಗೆ ಬರುವ ಮಹನೀಯರಲ್ಲಿ ಸ್ವೀಡನ್ ದೇಶದ ವಿಜ್ಞಾನಿ ಸ್ವಾಂಟೆ ಆಗಸ್ಟ್ ಅರೇನಿಯಸ್ಸರು ಪ್ರಮುಖರು. 1884ರಲ್ಲಿ ಅವರ ವಿಶ್ವವಿದ್ಯಾನಿಲಯವು ಕೆಳದರ್ಜೆಯದೆಂದು ಬದಿಗೊತ್ತಿದ ಪ್ರಬಂಧವೇ ಮುಂದೆ ಬೆಳೆದು 1903ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟಿತು. ಇಷ್ಟನ್ನು ರಸಾಯನಶಾಸ್ತ್ರದ ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಇದೇ ಮಹನೀಯರು 1896ರಲ್ಲಿ ಪ್ರಕಟಿಸಿದ ಇನ್ನೊಂದು ಬರಹವುಂಟು. ಕಲ್ಲಿದ್ದಲ ಹೊಗೆಯೊಡನೆ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ ಅನಿಲವು ಭೂಮಿಯ ಉಷ್ಣತೆಯನ್ನು ಎಷ್ಟು ಏರಿಸಬಲ್ಲದು ಎಂಬುದನ್ನು ಅಂಕಿಗಳಲ್ಲಿ ತೋರಿಸಿದ ಮೊದಲ ಬರಹ ಅದು. ಇಂದು ಜಗತ್ತಿನ ರಾಷ್ಟ್ರಗಳೆಲ್ಲ ವರ್ಷಕ್ಕೊಮ್ಮೆ ಒಂದೆಡೆ ಕಲೆತು ಯಾವ ವಿಷಯವನ್ನು ಕುರಿತು ವಾದಿಸುತ್ತಿವೆಯೋ ಅದರ ಮೊದಲ ಲೆಕ್ಕವನ್ನು ಬರೆದ ಕೈ ಅರೇನಿಯಸ್ಸರದು.

ಆ ಲೆಕ್ಕ ಹುಟ್ಟಿದ ಬಗೆ, ಸಮಕಾಲೀನರು ಅದನ್ನು ತಳ್ಳಿಹಾಕಿದ ಬಗೆ, ಲೆಕ್ಕ ಬರೆದವರೇ ಅದರ ಫಲವನ್ನು ಅರ್ಧದಷ್ಟು ಮಾತ್ರ ಕಂಡ ಬಗೆ, ಈ ಮೂರೂ ವಿದ್ಯಾಸಂಸ್ಥೆಗಳ ಒಡನಾಟದಲ್ಲಿರುವವರು ಅರಿಯತಕ್ಕ ಸಂಗತಿಗಳು. ಅವರ ಜೀವನಚರಿತ್ರೆಯನ್ನು ಈ ದೃಷ್ಟಿಯಿಂದ ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅರೇನಿಯಸ್ಸರು ಹುಟ್ಟಿದ್ದು 1859ರ ಫೆಬ್ರವರಿ 19ರಂದು, ಉಪ್ಸಾಲಾ ನಗರಕ್ಕೆ ಸಮೀಪದ ವೀಕ್ ಎಂಬಲ್ಲಿ. ತಂದೆ ಸ್ವಾಂಟೆ ಗುಸ್ತಾಫರು ವೃತ್ತಿಯಿಂದ ಮೋಜಣಿದಾರರು. ಉಪ್ಸಾಲಾ ವಿಶ್ವವಿದ್ಯಾನಿಲಯದ ಜಮೀನುಗಳನ್ನು ಅಳೆಯುವ ಕೆಲಸವೂ ಅವರದಾಗಿತ್ತು. ತಾಯಿ ಕರೋಲಿನಾ. ಮಗು ಹುಟ್ಟಿದ ಮರುವರ್ಷ ಸಂಸಾರ ಉಪ್ಸಾಲಾ ನಗರಕ್ಕೇ ಬಂದು ನೆಲೆಸಿತು. ಬಾಲಕನು ಮೂರನೆಯ ವಯಸ್ಸಿನಲ್ಲಿಯೇ ಯಾರೂ ಕಲಿಸದೆ ಓದಲು ಕಲಿತನೆಂದೂ ತಂದೆಯ ಲೆಕ್ಕದ ಪುಸ್ತಕಗಳನ್ನು ಪಕ್ಕದಲ್ಲಿ ನಿಂತು ನೋಡುನೋಡುತ್ತಲೇ ಕೂಡುವ ಕಳೆಯುವ ವಿದ್ಯೆಯನ್ನು ಕೈವಶಮಾಡಿಕೊಂಡನೆಂದೂ ಅವರ ಚರಿತ್ರಕಾರರು ಬರೆದಿದ್ದಾರೆ. ಅಂಕಿಗಳ ಸಾಲುಗಳಲ್ಲಿ ಬೇಸರವಿಲ್ಲದೆ ಮುಳುಗಿರುವ ಈ ಸ್ವಭಾವವು ಮುಂದೆ ಅವರ ಜೀವನದ ಒಂದು ಮಹಾಕಾರ್ಯಕ್ಕೆ ಒದಗಿಬಂತು.

ಉಪ್ಸಾಲಾದ ಪ್ರಾಚೀನ ಕೆಥೆಡ್ರಲ್ ಶಾಲೆಯಲ್ಲಿ ಓದಿ, 1876ರಲ್ಲಿ ತನ್ನ ವರ್ಗದಲ್ಲಿ ಎಲ್ಲರಿಗಿಂತ ಕಿರಿಯನೂ ಎಲ್ಲರಿಗಿಂತ ಜಾಣನೂ ಆಗಿ ತೇರ್ಗಡೆ ಹೊಂದಿದ ತರುಣನು ಊರಿನ ವಿಶ್ವವಿದ್ಯಾನಿಲಯವನ್ನೇ ಸೇರಿದನು. ಅಲ್ಲಿಯ ಭೌತಶಾಸ್ತ್ರದ ಬೋಧನೆ ಅವನ ಮನಸ್ಸಿಗೆ ತೃಪ್ತಿಯನ್ನು ಕೊಡಲಿಲ್ಲ. ಆದುದರಿಂದ 1881ರಲ್ಲಿ ರಾಜಧಾನಿ ಸ್ಟಾಕ್‌ಹೋಮಿಗೆ ತೆರಳಿ, ವಿಜ್ಞಾನ ಅಕಾಡೆಮಿಯ ಭೌತಶಾಸ್ತ್ರ ಸಂಸ್ಥೆಯಲ್ಲಿ ಎರಿಕ್ ಎಡ್ಲುಂಡ್ ಎಂಬ ಆಚಾರ್ಯರ ಬಳಿ ಸಂಶೋಧನೆಗೆ ತೊಡಗಿದರು.

ಕೆಳದರ್ಜೆಯ ಪ್ರಬಂಧ

ಅವರು ಆಯ್ದುಕೊಂಡ ವಿಷಯ ಮೇಲುನೋಟಕ್ಕೆ ಚಿಕ್ಕದು. ಒಣ ಉಪ್ಪು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಶುದ್ಧವಾದ ನೀರೂ ಹೆಚ್ಚುಕಡಿಮೆ ಹರಿಯಗೊಡುವುದಿಲ್ಲ. ಆದರೆ ಉಪ್ಪನ್ನು ನೀರಿನಲ್ಲಿ ಕರಗಿಸಿದೊಡನೆಯೇ ಆ ದ್ರಾವಣದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಇದಕ್ಕೆ ಕಾರಣವೇನು? ಇದಕ್ಕೆ ಅವರು ಹುಡುಕಿದ ಉತ್ತರ ಕ್ರಮಕ್ರಮವಾಗಿ ರೂಪುಗೊಂಡು 1887ರಲ್ಲಿ ಪೂರ್ಣವಾಯಿತು. ಉಪ್ಪು ನೀರಿನಲ್ಲಿ ಕರಗುವಾಗಲೇ ಧನವಿದ್ಯುತ್ತನ್ನು ಹೊತ್ತ ಕಣಗಳಾಗಿಯೂ ಋಣವಿದ್ಯುತ್ತನ್ನು ಹೊತ್ತ ಕಣಗಳಾಗಿಯೂ ಬೇರ್ಪಡುತ್ತದೆ. ವಿದ್ಯುತ್ಪ್ರವಾಹವು ಬರುವ ಮೊದಲೇ ಈ ಅಯಾನುಗಳು ದ್ರಾವಣದಲ್ಲಿರುತ್ತವೆ ಎಂಬುದೇ ಆ ಸಿದ್ಧಾಂತ.

ಇದರ ಬೀಜರೂಪವನ್ನು ಒಳಗೊಂಡ ನೂರೈವತ್ತು ಪುಟಗಳ ಪ್ರಬಂಧವನ್ನು ಅವರು 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಪರೀಕ್ಷಕರಿಗೆ ಅದು ಹಿಡಿಸಲಿಲ್ಲ. ನೀರಿಗೆ ಬಿದ್ದರೆ ಉರಿದೇಳುವ ಸೋಡಿಯಂ ಲೋಹವೂ ವಿಷವಾಯುವಾದ ಕ್ಲೋರೀನೂ ಅಡಿಗೆಯ ಉಪ್ಪಿನ ನೀರಿನಲ್ಲಿ ಬೇರೆಬೇರೆಯಾಗಿ ತೇಲಾಡುತ್ತಿರುವುದೆಂದರೆ ಯಾರು ನಂಬಿಯಾರು? ವಿದ್ಯುದಂಶವನ್ನು ಹೊತ್ತ ಕಣಕ್ಕೂ ಹೊರದ ಪರಮಾಣುವಿಗೂ ಗುಣದಲ್ಲಿ ಅಜಗಜಾಂತರವಿರುವುದು ಅಂದಿನ ಪಂಡಿತರಿಗೆ ತೋರಲಿಲ್ಲ. ಪ್ರಬಂಧಕ್ಕೆ ಮೊದಲು ನಾಲ್ಕನೆಯ ದರ್ಜೆಯೂ ಸಭೆಯಲ್ಲಿ ಅದನ್ನು ಸಮರ್ಥಿಸಿಕೊಂಡ ಮೇಲೆ ಮೂರನೆಯ ದರ್ಜೆಯೂ ದೊರೆಯಿತು. ಅಂದಿನ ಕ್ರಮದಂತೆ ಅಷ್ಟು ಕಡಮೆ ದರ್ಜೆ ಪಡೆದವರಿಗೆ ಅಧ್ಯಾಪಕಪದವಿ ದೊರೆಯುವ ಸಂಭವವೇ ಇರಲಿಲ್ಲ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮ ದೇಶಕ್ಕೆ ಮಾತ್ರ ಸಲ್ಲುವುದಲ್ಲ. ತರುಣ ವಿದ್ವಾಂಸರು ಎದೆಗುಂದದೆ ತಮ್ಮ ಪ್ರಬಂಧದ ಪ್ರತಿಗಳನ್ನು ಹೊರದೇಶದ ಪಂಡಿತರಿಗೆ ಕಳುಹಿಸಿದರು. ರೀಗಾ ನಗರದಲ್ಲಿದ್ದ ವಿಲ್‌ಹೆಲ್ಮ್ ಓಸ್ಟ್‌ವಾಲ್ಡರು ಅದನ್ನು ಓದಿ, ಅದೇ ವರ್ಷ ತಾವೇ ಉಪ್ಸಾಲಾಕ್ಕೆ ಪ್ರಯಾಣಮಾಡಿ ಬಂದು, ತಮ್ಮ ಸಂಸ್ಥೆಗೆ ಬರಬೇಕೆಂದು ಈ ತರುಣರನ್ನು ಆಹ್ವಾನಿಸಿದರು. ಪ್ರಸಿದ್ಧ ವಿದ್ವಾಂಸರೊಬ್ಬರು ತಮ್ಮ ಮೂರನೆಯ ದರ್ಜೆಯ ವಿದ್ಯಾರ್ಥಿಯನ್ನು ಅರಸಿ ಬಂದುದನ್ನು ಕಂಡ ಮೇಲೆ ಉಪ್ಸಾಲಾದ ಹಿರಿಯರ ಕಣ್ಣು ಸ್ವಲ್ಪ ತೆರೆಯಿತು. ಭೌತ ರಸಾಯನಶಾಸ್ತ್ರದ ಅಧ್ಯಾಪಕತ್ವವೊಂದು ಅವರಿಗೆ ಲಭಿಸಿತು. ಆಗ ತಂದೆ ರೋಗಶಯ್ಯೆಯಲ್ಲಿದ್ದುದರಿಂದ ಅರೇನಿಯಸ್ಸರು ಊರು ಬಿಡಲಿಲ್ಲ. 1885ರಲ್ಲಿ ತಂದೆ ತೀರಿಕೊಂಡರು.

ದೇಶಾಂತರ ಯಾತ್ರೆ

ಆಚಾರ್ಯ ಎಡ್ಲುಂಡರು ತಮ್ಮ ಶಿಷ್ಯನ ಶಕ್ತಿಯನ್ನು ಬಲ್ಲವರಾಗಿದ್ದರು. ಅವರ ಪ್ರಯತ್ನದಿಂದ ವಿಜ್ಞಾನ ಅಕಾಡೆಮಿಯು ಅರೇನಿಯಸ್ಸರಿಗೆ ಪ್ರವಾಸದ ವಿದ್ಯಾರ್ಥಿವೇತನವನ್ನು ಮಂಜೂರುಮಾಡಿತು. 1886ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅವರು ರೀಗಾದಲ್ಲಿ ಓಸ್ಟ್‌ವಾಲ್ಡರ ಬಳಿಯೂ ವ್ಯೂರ್ಟ್ಸ್‌ಬುರ್ಗಿನಲ್ಲಿ ಕೋಲ್‌ರೌಷರ ಬಳಿಯೂ ಗ್ರಾಟ್ಸಿನಲ್ಲಿ ಬೋಲ್ಟ್ಸ್‌ಮನ್ನರ ಬಳಿಯೂ ಆಮ್ಸ್ಟರ್‌ಡ್ಯಾಮಿನಲ್ಲಿ ವಾಂಟ್ ಹಾಫರ ಬಳಿಯೂ ಕೆಲಸಮಾಡಿದರು. 1887ರಲ್ಲಿ ಅಯಾನು ಸಿದ್ಧಾಂತವು ಅಚ್ಚಾಯಿತು. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗ ಹೇಗೆ ಹೆಚ್ಚುತ್ತದೆಂಬುದನ್ನು ತಿಳಿಸುವ, ಇಂದಿಗೂ ಅವರ ಹೆಸರಿನಲ್ಲಿಯೇ ಕರೆಯಲ್ಪಡುವ ಸಮೀಕರಣವು 1889ರಲ್ಲಿ ಬಂತು. ಒಬ್ಬ ಗುರುವಿನ ನಂಬಿಕೆ, ಒಂದು ಸಂಸ್ಥೆಯ ಧನಸಹಾಯ, ಈ ಎರಡೂ ಕೂಡಿಬಾರದಿದ್ದರೆ ಕೆಳದರ್ಜೆಯ ಆ ಪ್ರಬಂಧವು ಉಪ್ಸಾಲಾದ ಕಪಾಟಿನಲ್ಲಿಯೇ ಧೂಳು ಹಿಡಿದು ಕುಳಿತಿರುತ್ತಿತ್ತೆಂದರೆ ಅತಿಶಯೋಕ್ತಿಯಾಗದು. ವಿದ್ಯೆಗೆ ಕೊಟ್ಟ ದಾನದ ಫಲ ಕೊಟ್ಟವರ ಕಣ್ಣೆದುರಿಗೇ ತೋರಬೇಕೆಂಬ ನಿಯಮವಿಲ್ಲ. ಎಡ್ಲುಂಡರು 1888ರಲ್ಲಿಯೇ ಕಾಲವಾದರು.

1891ರಲ್ಲಿ ಅರೇನಿಯಸ್ಸರು ಸ್ಟಾಕ್‌ಹೋಮಿನ ಉನ್ನತ ವಿದ್ಯಾಲಯದಲ್ಲಿ ಉಪನ್ಯಾಸಕರಾದರು. 1895ರಲ್ಲಿ, ಅಲ್ಲಿಯೂ ಎದ್ದ ವಿರೋಧವನ್ನು ದಾಟಿ, ಪ್ರಾಧ್ಯಾಪಕರಾದರು. ಮುಂದೆ ಅದೇ ವಿದ್ಯಾಲಯದ ಮುಖ್ಯಸ್ಥರೂ ಆದರು.

ಗಾಳಿಯ ಲೆಕ್ಕ

ಸ್ಟಾಕ್‌ಹೋಮಿನಲ್ಲಿ ಭೌತಶಾಸ್ತ್ರ ಸಂಘವೆಂಬ ವಿದ್ವದ್ಗೋಷ್ಠಿಯೊಂದು ಆಗ ತಾನೇ ಹುಟ್ಟಿಕೊಂಡಿತ್ತು. ಭೂಮಿ, ಸಾಗರ, ಆಕಾಶಗಳ ಪ್ರಶ್ನೆಗಳೆಲ್ಲ ಅಲ್ಲಿ ಚರ್ಚೆಗೆ ಬರುತ್ತಿದ್ದವು. ಅಂದಿನ ವಿದ್ವಾಂಸರನ್ನು ಬಹುವಾಗಿ ಕಾಡುತ್ತಿದ್ದ ಒಂದು ಪ್ರಶ್ನೆಯೆಂದರೆ ಹಿಮಯುಗದ ರಹಸ್ಯ. ಉತ್ತರ ಯೂರೋಪು ಒಂದು ಕಾಲದಲ್ಲಿ ಭಾರಿ ಹಿಮರಾಶಿಯ ಅಡಿಯಲ್ಲಿ ಹುದುಗಿತ್ತೆಂಬುದು ಬಂಡೆಗಳ ಮೇಲಣ ಗುರುತುಗಳಿಂದ ಸಿದ್ಧವಾಗಿತ್ತು. ಅದು ಏಕೆ ಬಂತು, ಏಕೆ ಹೋಯಿತು ಎಂಬುದು ಮಾತ್ರ ತಿಳಿದಿರಲಿಲ್ಲ.

ಈ ಪ್ರಶ್ನೆಗೆ ಗಾಳಿಯಲ್ಲಿ ಉತ್ತರವಿರಬಹುದೆಂಬ ಸುಳಿವು ಹಿಂದೆಯೇ ದೊರೆತಿತ್ತು. ಫ್ರಾನ್ಸಿನ ಗಣಿತಜ್ಞ ಫೂರಿಯೆಯವರು 1820ರ ದಶಕದಲ್ಲಿ, ಸೂರ್ಯನ ಬೆಳಕನ್ನು ಒಳಬಿಟ್ಟು ಭೂಮಿಯ ಶಾಖವನ್ನು ಹೊರಹೋಗದಂತೆ ತಡೆಯುವ ಗುಣ ವಾಯುಮಂಡಲಕ್ಕೆ ಇರಬೇಕೆಂದು ಊಹಿಸಿದ್ದರು. ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆ 1856ರಲ್ಲಿ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲಗಳನ್ನು ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆಯೇ ಹೆಚ್ಚು ಕಾಯುವುದೆಂದು ಕಂಡಿದ್ದರು. ಅರೇನಿಯಸ್ಸರು ತೊಟ್ಟಿಲಲ್ಲಿದ್ದ 1859ನೆಯ ವರ್ಷದಲ್ಲಿಯೇ ಲಂಡನ್ನಿನಲ್ಲಿ ಜಾನ್ ಟಿಂಡಲರು ಸೂಕ್ಷ್ಮ ಉಪಕರಣಗಳಿಂದ ಪರೀಕ್ಷಿಸಿ, ಗಾಳಿಯ ಬಹುಪಾಲಾದ ನೈಟ್ರೋಜನ್ ಮತ್ತು ಆಕ್ಸಿಜನ್ನುಗಳು ಶಾಖಕಿರಣಗಳನ್ನು ತಡೆಯುವುದಿಲ್ಲವೆಂದೂ, ಅತ್ಯಲ್ಪ ಪ್ರಮಾಣದಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡುಗಳೇ ತಡೆಯುತ್ತವೆಂದೂ ಸಿದ್ಧಪಡಿಸಿದ್ದರು. ಆಗ ಹತ್ತು ಸಾವಿರ ಪಾಲು ಗಾಳಿಯಲ್ಲಿ ಈ ಇಂಗಾಲದ ಅನಿಲವಿದ್ದುದು ಸುಮಾರು ಮೂರೇ ಪಾಲು. ಈ ಮೂರು ಪಾಲು ಎರಡಾದರೆ ಭೂಮಿ ಎಷ್ಟು ತಣ್ಣಗಾದೀತು, ಆರಾದರೆ ಎಷ್ಟು ಬಿಸಿಯಾದೀತು ಎಂದು ಲೆಕ್ಕಹಾಕಿ ಹೇಳಿದವರು ಮಾತ್ರ ಯಾರೂ ಇರಲಿಲ್ಲ.

ಆ ಲೆಕ್ಕಕ್ಕೆ ಅರೇನಿಯಸ್ಸರು ಕುಳಿತದ್ದು 1894ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ. ಮುಗಿದದ್ದು ಹೆಚ್ಚುಕಡಿಮೆ ಒಂದು ವರ್ಷದ ಮೇಲೆ. ಗಣಕಯಂತ್ರಗಳಿಲ್ಲದ ಕಾಲ ಅದು. ಸಾವಿರಾರು ಗುಣಾಕಾರ ಭಾಗಾಕಾರಗಳನ್ನು ಕಾಗದದ ಮೇಲೆ ಕೈಯಿಂದಲೇ ಮಾಡಬೇಕಾಗಿತ್ತು. ಬೇಕಾದ ಮೂಲ ಅಂಕಿಗಳು ಅವರಿಗೆ ದೊರೆತದ್ದು ಚಂದ್ರನಿಂದ. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯವರು ಹುಣ್ಣಿಮೆಯ ಚಂದ್ರನಿಂದ ಬರುವ ಶಾಖಕಿರಣಗಳನ್ನು ಅಳೆದಿದ್ದರು. ಚಂದ್ರನು ನೆತ್ತಿಯ ಮೇಲಿದ್ದಾಗ ಆ ಕಿರಣಗಳು ಕಡಮೆ ಗಾಳಿಯನ್ನೂ ದಿಗಂತದ ಸಮೀಪವಿದ್ದಾಗ ಹೆಚ್ಚು ಗಾಳಿಯನ್ನೂ ದಾಟಿಬರುತ್ತವೆ. ಎರಡರ ವ್ಯತ್ಯಾಸದಿಂದ, ಗಾಳಿಯಲ್ಲಿನ ನೀರಾವಿಯೂ ಇಂಗಾಲದ ಅನಿಲವೂ ಎಷ್ಟೆಷ್ಟು ಶಾಖವನ್ನು ಹೀರುತ್ತವೆಂಬುದನ್ನು ಅರೇನಿಯಸ್ಸರು ಲೆಕ್ಕಹಾಕಿ ತೆಗೆದರು. ಅನ್ಯರು ಅನ್ಯ ಉದ್ದೇಶಕ್ಕಾಗಿ ಮಾಡಿದ ಅಳತೆಯಿಂದ ತಮ್ಮ ಪ್ರಶ್ನೆಗೆ ಉತ್ತರವನ್ನು ಪಡೆದ ಈ ಜಾಣ್ಮೆ ಮೆಚ್ಚತಕ್ಕದ್ದು.

ಅನಂತರ ಅವರು ಭೂಗೋಲವನ್ನು ಉತ್ತರದ 70ನೆಯ ಅಕ್ಷಾಂಶದಿಂದ ದಕ್ಷಿಣದ 60ನೆಯ ಅಕ್ಷಾಂಶದವರೆಗೆ ಹತ್ತು ಹತ್ತು ಡಿಗ್ರಿಗಳ ಹದಿಮೂರು ಪಟ್ಟಿಗಳಾಗಿ ವಿಂಗಡಿಸಿದರು. ಇಂಗಾಲದ ಅನಿಲವು ಮೂರರಲ್ಲಿ ಎರಡು ಭಾಗಕ್ಕೆ ಇಳಿದರೆ, ಒಂದೂವರೆ ಪಟ್ಟಾದರೆ, ಎರಡು, ಎರಡೂವರೆ, ಮೂರು ಪಟ್ಟಾದರೆ, ಒಂದೊಂದು ಪಟ್ಟಿಯಲ್ಲಿಯೂ ವರ್ಷದ ನಾಲ್ಕು ಕಾಲಗಳಲ್ಲಿಯೂ ಉಷ್ಣತೆ ಎಷ್ಟು ಬದಲಾಗುವುದೆಂದು ಕೋಷ್ಟಕ ಬರೆದರು. ಗಾಳಿ ಬಿಸಿಯಾದಂತೆ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳುತ್ತದೆ. ಆ ನೀರಾವಿಯೇ ಮತ್ತಷ್ಟು ಶಾಖವನ್ನು ತಡೆಯುತ್ತದೆ. ಈ ಸುತ್ತುಬಳಸಿನ ಪರಿಣಾಮವನ್ನೂ ಅವರು ಲೆಕ್ಕದಿಂದ ಹೊರಗಿಡಲಿಲ್ಲ. ಇಂಗಾಲದ ಅನಿಲ ಇಮ್ಮಡಿಯಾದರೆ ಭೂಮಿಯ ಉಷ್ಣತೆ 5ರಿಂದ 6 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುವುದೆಂದೂ ಅರ್ಧಕ್ಕಿಳಿದರೆ 4ರಿಂದ 5 ಡಿಗ್ರಿ ಇಳಿಯುವುದೆಂದೂ ಫಲ ಬಂತು. ಅನಿಲವು ಗುಣೋತ್ತರ ಶ್ರೇಣಿಯಲ್ಲಿ ಬೆಳೆದರೆ ಉಷ್ಣತೆ ಸಮಾಂತರ ಶ್ರೇಣಿಯಲ್ಲಿ ಬೆಳೆಯುವುದೆಂಬ ಸೂತ್ರವೂ ದೊರೆಯಿತು. ಧ್ರುವಗಳ ಕಡೆಗೆ ಏರಿಕೆ ಹೆಚ್ಚು, ಹಗಲಿಗಿಂತ ಇರುಳಿನಲ್ಲಿ ಹೆಚ್ಚು, ಬೇಸಿಗೆಗಿಂತ ಚಳಿಗಾಲದಲ್ಲಿ ಹೆಚ್ಚು ಎಂಬ ಮಾತುಗಳೂ ಅಲ್ಲಿವೆ. ಇವೆಲ್ಲ ಮುಂದೆ ಮಾಪಕಗಳಿಂದ ಸ್ಥಿರಪಟ್ಟಿವೆ. ಆ ಬರಹವನ್ನು 1895ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಅಕಾಡೆಮಿಯ ಮುಂದಿಟ್ಟು, 1896ರ ಏಪ್ರಿಲಿನಲ್ಲಿ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಈ ಅಂಕಿಗಳ ನಡುವೆಯೇ ಅವರ ಮನೆ ಒಡೆಯಿತೆಂಬುದನ್ನೂ ಹೇಳಬೇಕು. ತಮ್ಮ ಶಿಷ್ಯೆಯಾಗಿದ್ದ ಸೋಫಿಯಾ ರುಡ್‌ಬೆಕ್ ಎಂಬುವರನ್ನು ಅವರು 1894ರಲ್ಲಿ ವಿವಾಹವಾಗಿದ್ದರು. 1895ರಲ್ಲಿ ಮಗ ಓಲೋಫ್ ಹುಟ್ಟಿದನು, 1896ರಲ್ಲಿ ವಿವಾಹವಿಚ್ಛೇದವಾಯಿತು. 1905ರಲ್ಲಿ ಮರಿಯಾ ಯೋಹಾನ್ಸನ್ ಎಂಬುವರೊಡನೆ ಪುನಃ ಸಂಸಾರ ಹೂಡಿದ ಮೇಲೆ ಗೃಹಜೀವನ ನೆಮ್ಮದಿಯಿಂದ ಸಾಗಿತು.

ವಾದ ಪ್ರತಿವಾದ

ಹೊಸ ಲೆಕ್ಕಕ್ಕೆ ಎದುರುವಾದ ಬೇಗನೆ ಬಂತು. ಉಪ್ಸಾಲಾದ ಪ್ರಾಧ್ಯಾಪಕ ಕ್ನೂಟ್ ಓಂಗ್‌ಸ್ಟ್ರೋಮರು 1900ರಲ್ಲಿ ಪ್ರಯೋಗವೊಂದರ ಫಲವನ್ನು ಪ್ರಕಟಿಸಿದರು. ಕೊಳವೆಯೊಂದರಲ್ಲಿ ಇಂಗಾಲದ ಅನಿಲವನ್ನು ತುಂಬಿ ಶಾಖಕಿರಣವನ್ನು ಹಾಯಿಸಿ, ಬಳಿಕ ಅನಿಲದ ಪ್ರಮಾಣವನ್ನು ಕಡಮೆಮಾಡಿ ನೋಡಿದರೆ, ಹೀರಿಕೆಯಲ್ಲಿ ಹೇಳಿಕೊಳ್ಳುವಷ್ಟು ಭೇದವೇ ಕಾಣಲಿಲ್ಲ. ಇರುವ ಅನಿಲವೇ ತಡೆಯಬೇಕಾದ ಕಿರಣಗಳನ್ನೆಲ್ಲ ತಡೆದು ಮುಗಿಸಿದೆ. ಮತ್ತಷ್ಟು ಸೇರಿಸಿದರೆ ಆಗುವುದೇನೂ ಇಲ್ಲ. ನೀರಾವಿಯೂ ಅದೇ ಕಿರಣಗಳನ್ನು ಹೀರುವುದರಿಂದ ಇಂಗಾಲದ ಅನಿಲದ ಪಾತ್ರ ಗೌಣ ಎಂಬುದು ಅವರ ವಾದದ ತಾತ್ಪರ್ಯ. ಅರೇನಿಯಸ್ಸರು 1901ರಲ್ಲಿ ಉತ್ತರ ಬರೆದರೂ ವಿದ್ವತ್ಪ್ರಪಂಚ ಓಂಗ್‌ಸ್ಟ್ರೋಮರ ಪಕ್ಷಕ್ಕೇ ಒಲಿಯಿತು. ಸುಮಾರು ಅರ್ಧ ಶತಮಾನದವರೆಗೆ ಹವಾಶಾಸ್ತ್ರಜ್ಞರಲ್ಲಿ ಬಹುಮಂದಿ ಆ ಪ್ರಶ್ನೆ ಮುಗಿಯಿತೆಂದೇ ಭಾವಿಸಿದ್ದರು.

ಓಂಗ್‌ಸ್ಟ್ರೋಮರ ಪ್ರಯೋಗದಲ್ಲಿ ಕಪಟವಿರಲಿಲ್ಲ. ಕೊಳವೆಯನ್ನೇ ಆಕಾಶವೆಂದು ಬಗೆದುದರಲ್ಲಿ ದೋಷವಿತ್ತು. ವಾಯುಮಂಡಲವು ಒಂದೇ ಹೊದಿಕೆಯಲ್ಲ. ಒಂದರ ಮೇಲೊಂದಾಗಿ ಹಾಸಿದ ಅನೇಕ ಪದರಗಳು. ನೆಲದಿಂದ ಹೊರಟ ಶಾಖವು ಪದರದಿಂದ ಪದರಕ್ಕೆ ಹೀರಲ್ಪಟ್ಟು ಮತ್ತೆ ಹೊರಬೀಳುತ್ತ, ಕಟ್ಟಕಡೆಗೆ ತೆಳ್ಳಗಿನ ಮೇಲುಪದರವೊಂದರಿಂದ ಅಂತರಿಕ್ಷಕ್ಕೆ ಪಾರಾಗುತ್ತದೆ. ಅಷ್ಟು ಎತ್ತರದಲ್ಲಿ ನೀರಾವಿ ಅತ್ಯಲ್ಪ. ಇಂಗಾಲದ ಅನಿಲ ಹೆಚ್ಚಿದಂತೆ ಶಾಖವು ಪಾರಾಗುವ ಪದರವು ಇನ್ನೂ ಮೇಲಕ್ಕೆ, ಇನ್ನೂ ತಣ್ಣಗಿನ ಎಡೆಗೆ ಸರಿಯುತ್ತದೆ. ತಣ್ಣಗಿನ ಪದರವು ಕಡಮೆ ಶಾಖವನ್ನು ಹೊರಚೆಲ್ಲುವುದರಿಂದ ಉಳಿದ ಶಾಖ ಕೆಳಗೇ ನಿಂತು ನೆಲ ಕಾಯುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಗಣಕಯಂತ್ರಗಳ ನೆರವಿನಿಂದ ಇದು ಸ್ಪಷ್ಟವಾಯಿತು. ಗಿಲ್ಬರ್ಟ್ ಪ್ಲಾಸ್ ಎಂಬ ವಿಜ್ಞಾನಿ 1956ರಲ್ಲಿ ಈ ಲೆಕ್ಕವನ್ನು ಹೊಸದಾಗಿ ಮಾಡಿ ತೋರಿಸಿದರು. ಆದರೂ ಓಂಗ್‌ಸ್ಟ್ರೋಮರ ಹಳೆಯ ಆಕ್ಷೇಪವನ್ನು ಹೊಸದೆಂಬಂತೆ ಮುಂದಿಡುವವರು ಇಂದಿನ ಸಾರ್ವಜನಿಕ ಚರ್ಚೆಗಳಲ್ಲಿಯೂ ಉಂಟು.

ಫಲವಿಚಾರ

ಲೆಕ್ಕವೇನೋ ಆಯಿತು. ಅದರ ಫಲವೇನು? ಭೂವಿಜ್ಞಾನಿಯೂ ಮಿತ್ರರೂ ಆದ ಆರ್ವಿಡ್ ಹೋಗ್‌ಬೋಮರು ಅಂದಿನ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಕಲ್ಲಿದ್ದಲು ಉರಿಯುತ್ತಿದೆಯೆಂದೂ, ಅದರಿಂದ ಹೊರಡುವ ಅನಿಲವು ಗಾಳಿಯಲ್ಲಿ ಮೊದಲೇ ಇರುವುದರ ಸಾವಿರದಲ್ಲೊಂದು ಭಾಗವೆಂದೂ ಅಂದಾಜು ಮಾಡಿದ್ದರು. ಅದರಲ್ಲಿ ಬಹುಭಾಗವನ್ನು ಸಮುದ್ರವೇ ನುಂಗಿಕೊಳ್ಳುವುದೆಂದು ನಂಬಿದ್ದ ಅರೇನಿಯಸ್ಸರು, ಮನುಷ್ಯರ ಹೊಗೆಯಿಂದ ಗಾಳಿ ಬದಲಾಗಲು ಸಾವಿರಾರು ವರ್ಷಗಳು ಬೇಕೆಂದು ಮೊದಲು ಎಣಿಸಿದರು. ಹತ್ತೇ ವರ್ಷಗಳಲ್ಲಿ ಆ ಎಣಿಕೆ ಸಡಿಲವಾಯಿತು. ಕಲ್ಲಿದ್ದಲ ಖರ್ಚು 1904ರ ವೇಳೆಗೆ 90 ಕೋಟಿ ಟನ್ನಿನ ಹತ್ತಿರಕ್ಕೆ ಬಂದಿತ್ತು. ಜನಸಾಮಾನ್ಯರಿಗಾಗಿ 1906ರಲ್ಲಿ ಅವರು ಬರೆದ, ಲೋಕಗಳ ಉತ್ಪತ್ತಿವಿಕಾಸಗಳನ್ನು ಕುರಿತ ಗ್ರಂಥದಲ್ಲಿ, ಕೆಲವೇ ಶತಮಾನಗಳಲ್ಲಿ ಈ ಬದಲಾವಣೆ ಗೋಚರವಾದೀತೆಂದು ಸೂಚಿಸಿದರು. ಇಮ್ಮಡಿಯಾದರೆ ಆಗುವ ಏರಿಕೆಯನ್ನು ಸುಮಾರು 4 ಡಿಗ್ರಿಗೆ ತಿದ್ದಿದರು.

ಆದರೆ ಅವರು ಇದರಿಂದ ಭಯಪಡಲಿಲ್ಲ, ಸಂತೋಷಪಟ್ಟರು. ಮುಂದಿನ ಪೀಳಿಗೆಯವರು ಹಿತಕರವಾದ ಹವೆಯಲ್ಲಿ ಬಾಳುವರು, ಶೀತಪ್ರದೇಶಗಳಲ್ಲಿ ಬೆಳೆ ಹುಲುಸಾಗುವುದು, ಮತ್ತೊಂದು ಹಿಮಯುಗದ ಭೀತಿ ತಪ್ಪುವುದು ಎಂಬುದು ಅವರ ಆಶಯವಾಗಿತ್ತು. ಚಳಿಗಾಲದಲ್ಲಿ ಹಗಲು ಕೆಲವೇ ಗಂಟೆಗಳಿಗೆ ಕುಗ್ಗಿ, ಸರೋವರಗಳು ಹೆಪ್ಪುಗಟ್ಟುವ ನಾಡಿನಲ್ಲಿ ಹುಟ್ಟಿಬೆಳೆದವರಿಗೆ ಬೆಚ್ಚಗಿನ ಭೂಮಿ ವರದಂತೆ ತೋರಿದ್ದರಲ್ಲಿ ಅಚ್ಚರಿಯಿಲ್ಲ. ಮೊದಲೇ ಕಾದಿರುವ ನಾಡುಗಳಲ್ಲಿ ಏನಾದೀತೆಂಬುದು ಅವರ ವಿಚಾರದ ಎಲ್ಲೆಯೊಳಗೆ ಬರಲಿಲ್ಲ.

ಇಂಧನದ ವಿಷಯದಲ್ಲಿ ಮಾತ್ರ ಮುಪ್ಪಿನಲ್ಲಿ ಅವರ ದೃಷ್ಟಿ ಗಂಭೀರವಾಯಿತು. ರಸಾಯನಶಾಸ್ತ್ರಕ್ಕೂ ಆಧುನಿಕ ಜೀವನಕ್ಕೂ ಇರುವ ಸಂಬಂಧವನ್ನು ಕುರಿತು 1919ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಲ್ಲಿದ್ದಲು, ಎಣ್ಣೆ, ಲೋಹಗಳೆಲ್ಲ ಎಣಿಸಿಟ್ಟ ಆಸ್ತಿಯೆಂದೂ, ಒಂದೆರಡು ತಲೆಮಾರುಗಳು ಅದನ್ನು ದುಂದುಮಾಡಿದರೆ ಮುಂದಿನವರಿಗೆ ಉಳಿಯದೆಂದೂ ಎಚ್ಚರಿಸಿದರು. ಜಲಶಕ್ತಿ, ಸೂರ್ಯಶಕ್ತಿಗಳಂಥ ಬತ್ತದ ಮೂಲಗಳ ಕಡೆಗೆ ಜನ ತಿರುಗಬೇಕಾದೀತೆಂಬುದನ್ನೂ ಅವರು ಕಂಡಿದ್ದರು. ಆದರೆ ಅಲ್ಲಿಯೂ ಅವರ ಕಳವಳ ಇಂಧನವು ಮುಗಿದುಹೋಗುವುದನ್ನು ಕುರಿತದ್ದೇ ಹೊರತು ಅದರ ಹೊಗೆಯನ್ನು ಕುರಿತದ್ದಲ್ಲ.

ಕೀರ್ತಿ, ಕಲೆ, ಅಂತ್ಯ

1903ರ ನೊಬೆಲ್ ಪಾರಿತೋಷಕವು ಅವರಿಗೆ ಬಂದುದು ಅಯಾನು ಸಿದ್ಧಾಂತಕ್ಕಾಗಿ. ಆ ಗೌರವವನ್ನು ಪಡೆದ ಮೊದಲ ಸ್ವೀಡನ್ ಪ್ರಜೆ ಅವರೇ. 1905ರಲ್ಲಿ ಭೌತ ರಸಾಯನಶಾಸ್ತ್ರಕ್ಕಾಗಿ ನೊಬೆಲ್ ಸಂಸ್ಥೆಯೊಂದು ಸ್ಥಾಪಿತವಾದಾಗ ಅದರ ನಿರ್ದೇಶಕರಾಗಿ ನಿಯುಕ್ತರಾದ ಅವರು ಬದುಕಿನ ಕೊನೆಯ ವರ್ಷದವರೆಗೂ ಆ ಹೊಣೆಯನ್ನು ಹೊತ್ತಿದ್ದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೆರೆಸಿಕ್ಕಿದ್ದ ಜರ್ಮನ್ ಮತ್ತು ಆಸ್ಟ್ರಿಯನ್ ವಿಜ್ಞಾನಿಗಳ ಬಿಡುಗಡೆಗಾಗಿ ಶ್ರಮಿಸಿ ಯಶಸ್ವಿಯಾದುದು ಅವರ ಸೌಜನ್ಯಕ್ಕೆ ಸಾಕ್ಷಿ.

ಚಂದ್ರನಲ್ಲಿಯೂ ಕಲೆಯುಂಟು, ಅದನ್ನು ಮುಚ್ಚಿಡುವುದು ಚರಿತ್ರಕಾರನ ಧರ್ಮವಲ್ಲ. ರಷ್ಯದ ಮೆಂಡಲೀವರಿಗೆ 1906ರಲ್ಲಿ ನೊಬೆಲ್ ಪಾರಿತೋಷಕ ಕೈತಪ್ಪಿದುದರಲ್ಲಿ ಅರೇನಿಯಸ್ಸರ ಪ್ರಭಾವವೂ ಇತ್ತೆಂದು ಇತಿಹಾಸಜ್ಞರು ಬರೆದಿದ್ದಾರೆ. ಮೆಂಡಲೀವರು ಅಯಾನು ಸಿದ್ಧಾಂತವನ್ನು ಒಪ್ಪದವರಾಗಿದ್ದರು. ಮನುಷ್ಯರನ್ನು ಜನಾಂಗದಿಂದ ತೂಗಿ ಮೇಲುಕೀಳೆಣಿಸುವ, ಅಂದು ವಿಜ್ಞಾನವೆಂದೇ ಮೆರೆಯುತ್ತಿದ್ದ ಚಳುವಳಿಯ ಸಂಘದಲ್ಲಿಯೂ, 1922ರಲ್ಲಿ ಉಪ್ಸಾಲಾದಲ್ಲಿ ಸ್ಥಾಪಿತವಾದ ಅಂಥದೇ ಸರ್ಕಾರಿ ಸಂಸ್ಥೆಯ ಆಡಳಿತ ಮಂಡಲಿಯಲ್ಲಿಯೂ ಅವರು ಸದಸ್ಯರಾಗಿದ್ದರು. ತಮ್ಮನ್ನು ಹಿರಿಯರು ತಪ್ಪಾಗಿ ತೂಗಿದ ನೋವನ್ನು ಉಂಡವರೇ ಇತರರನ್ನು ತಪ್ಪಾಗಿ ತೂಗಿದರೆಂಬುದು ವಿಷಾದದ ಸಂಗತಿ.

1927ರ ಅಕ್ಟೋಬರ್ 2ರಂದು, ತಮ್ಮ ಅರುವತ್ತೆಂಟನೆಯ ವಯಸ್ಸಿನಲ್ಲಿ, ಅರೇನಿಯಸ್ಸರು ಸ್ಟಾಕ್‌ಹೋಮಿನಲ್ಲಿ ನಿಧನರಾದರು. ಅವರ ಸಮಾಧಿ ಉಪ್ಸಾಲಾದಲ್ಲಿದೆ.

ಲೆಕ್ಕದ ಮುಂದಿನ ಕಥೆ

ಅವರ ಲೆಕ್ಕವನ್ನು ಮತ್ತೆ ಕೈಗೆತ್ತಿಕೊಂಡವರು ಇಂಗ್ಲೆಂಡಿನ ಗೈ ಕ್ಯಾಲೆಂಡರ್ ಎಂಬ ಆವಿಯಂತ್ರಗಳ ಎಂಜಿನಿಯರರು. 1938ರಲ್ಲಿ ಅವರು ಪ್ರಪಂಚದ 147 ಹವಾಮಾಪನ ಕೇಂದ್ರಗಳ ದಾಖಲೆಗಳನ್ನು ಕಲೆಹಾಕಿ, ಭೂಮಿ ಆಗಲೇ ಬಿಸಿಯಾಗತೊಡಗಿದೆಯೆಂದು ತೋರಿಸಿದರು. ಪಂಡಿತರು ಗೌರವದಿಂದ ಕೇಳಿದರು, ಆದರೆ ನಂಬಲಿಲ್ಲ. ಕ್ಯಾಲೆಂಡರರೂ ಈ ಬಿಸಿ ಹಿತವೆಂದೇ ಬಗೆದಿದ್ದರು. 1958ರಲ್ಲಿ ಅಮೆರಿಕದ ಚಾರ್ಲ್ಸ್ ಕೀಲಿಂಗರು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯನ್ನು ಅಳೆಯಲು ಆರಂಭಿಸಿದಾಗ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಪಾಲು ಇತ್ತು. 2024ರಲ್ಲಿ 420ನ್ನು ಮೀರಿತ್ತು. ಕೀಲಿಂಗರು ಕೆಲಸಮಾಡುತ್ತಿದ್ದ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿಯೇ ಅರೇನಿಯಸ್ಸರ ಮೊಮ್ಮಗ ಗುಸ್ತಾಫ್ ಅರೇನಿಯಸ್ಸರೂ ವಿಜ್ಞಾನಿಯಾಗಿದ್ದುದು ಒಂದು ಯೋಗಾಯೋಗ.

ಅಜ್ಜನು ಕೈಯಿಂದ ಮಾಡಿದ ಲೆಕ್ಕ ಎಷ್ಟರಮಟ್ಟಿಗೆ ನಿಂತಿದೆ? ಇಮ್ಮಡಿಗೆ 5ರಿಂದ 6 ಡಿಗ್ರಿ ಎಂದು ಅವರು ಮೊದಲು ಹೇಳಿದ್ದರು. ಇಂದಿನ ಯಂತ್ರಗಣನೆಗಳನ್ನೂ ಪುರಾತನ ಹವೆಯ ಸಾಕ್ಷ್ಯಗಳನ್ನೂ ಕೂಡಿಸಿ, ವಿವಿಧ ಸರ್ಕಾರಗಳ ನಡುವಣ ವಿಜ್ಞಾನಿಮಂಡಲಿ 2021ರಲ್ಲಿ ಕೊಟ್ಟ ಅಂದಾಜು ಸುಮಾರು 3 ಡಿಗ್ರಿ, ಬಹುಮಟ್ಟಿಗೆ 2.5ರಿಂದ 4ರ ಒಳಗೆ. ಲ್ಯಾಂಗ್ಲಿಯವರ ಅಳತೆಗಳಲ್ಲಿದ್ದ ಕೊರತೆಗಳನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಅವರ ಎಣಿಕೆ ತೀರ ತಪ್ಪಿದ್ದು ಅನಿಲದ ವಿಷಯದಲ್ಲಲ್ಲ, ಮನುಷ್ಯರ ವಿಷಯದಲ್ಲಿ. ವರ್ಷಕ್ಕೆ 50 ಕೋಟಿ ಟನ್ ಇದ್ದ ಕಲ್ಲಿದ್ದಲ ಖರ್ಚು ಇಂದು 800 ಕೋಟಿ ಟನ್ನನ್ನು ದಾಟಿದೆ. ಎಣ್ಣೆ ಮತ್ತು ಅನಿಲಗಳ ಖರ್ಚು ಬೇರೆ. 1850ರಿಂದ 1900ರವರೆಗಿನ ಸರಾಸರಿಗಿಂತ 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿ ಸುಮಾರು 1.1 ಡಿಗ್ರಿ ಹೆಚ್ಚು ಬಿಸಿಯಾಗಿತ್ತು.

ಈ ಹೊಗೆಯನ್ನು ಯಾರು, ಎಷ್ಟು, ಎಂದಿಗೆ ಕಡಮೆಮಾಡಬೇಕೆಂಬುದು 1992ರ ರಿಯೋ ಸಮ್ಮೇಳನದಿಂದ ನಡೆದುಬಂದಿರುವ ವಾದ. 1997ರಲ್ಲಿ ಕ್ಯೋಟೋ ಒಡಂಬಡಿಕೆ, 2015ರಲ್ಲಿ ಪ್ಯಾರಿಸ್ ಒಡಂಬಡಿಕೆ ಆದವು. ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ 1.5 ಡಿಗ್ರಿಯಲ್ಲಿ ನಿಲ್ಲಿಸಬೇಕೆಂಬುದು ಪ್ಯಾರಿಸ್ಸಿನ ಸಂಕಲ್ಪ. ಶತಮಾನಕ್ಕೂ ಹೆಚ್ಚುಕಾಲ ಹೊಗೆಯುಗುಳಿ ಸಿರಿವಂತರಾದ ದೇಶಗಳು ಹೆಚ್ಚಿನ ಹೊಣೆ ಹೊರಬೇಕೆಂದು ಭಾರತದಂಥ ದೇಶಗಳು ವಾದಿಸುತ್ತವೆ. ಭಾರತದ ತಲಾ ಹೊಗೆ ಇಂದಿಗೂ ಜಗತ್ತಿನ ಸರಾಸರಿಗಿಂತ ಕಡಮೆ. ಹಾಗೆಂದು ನಮ್ಮ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದಲೇ ಬರುತ್ತಿದೆಯೆಂಬುದನ್ನೂ ಮರೆಯಲಾಗದು. 2070ರ ವೇಳೆಗೆ ನಿವ್ವಳ ಹೊಗೆಯನ್ನು ಶೂನ್ಯಕ್ಕೆ ತರುವುದಾಗಿ ನಮ್ಮ ದೇಶ 2021ರಲ್ಲಿ ಘೋಷಿಸಿದೆ.

ಉಪಸಂಹಾರ

ಅರೇನಿಯಸ್ಸರ ಕೋಷ್ಟಕದ ಹದಿಮೂರು ಸಾಲುಗಳಲ್ಲಿ ಒಂದು ಸಾಲು ಉತ್ತರ ಅಕ್ಷಾಂಶದ 10ರಿಂದ 20 ಡಿಗ್ರಿಯವರೆಗಿನದು. ಸುಮಾರು ಹನ್ನೊಂದೂವರೆಯಿಂದ ಹದಿನೆಂಟೂವರೆ ಡಿಗ್ರಿಯವರೆಗೆ ಹಬ್ಬಿರುವ ನಮ್ಮ ಕರ್ನಾಟಕವು ಇಡಿಯಾಗಿ ಆ ಸಾಲಿನೊಳಗೆ ಬರುತ್ತದೆ. ಇಂಗಾಲದ ಅನಿಲ ಇಮ್ಮಡಿಯಾದರೆ ಆ ಪಟ್ಟಿಯಲ್ಲಿ ಉಷ್ಣತೆ ಸುಮಾರು 5 ಡಿಗ್ರಿ ಏರುವುದೆಂದು 1896ರಲ್ಲಿಯೇ ಅವರು ಬರೆದಿಟ್ಟಿದ್ದಾರೆ. ಅಂಕಿ ಅಲ್ಲಿದೆ, ಆದರೆ ಆ ಸಾಲಿನಲ್ಲಿ ಬಾಳುವ ಜನರಿಗೆ ಆ ಅಂಕಿಯ ಅರ್ಥವೇನೆಂಬ ಮಾತು ಆ ವಿದ್ವಾಂಸರ ಬರಹದಲ್ಲಿ ಎಲ್ಲಿಯೂ ಇಲ್ಲ. ಬಿಸಿಲಿಗೆ ಬರವಿಲ್ಲದ, ಮುಂಗಾರಿನ ಮೋಡವನ್ನು ನೆಚ್ಚಿ ಬಿತ್ತುವ ಈ ನಾಡಿನವರಿಗೆ ಬೆಚ್ಚಗಿನ ಭೂಮಿ ವರವಾಗಲಾರದು. ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದುದರಿಂದಲೇ ಮಳೆ ಬಂದಾಗ ಒಮ್ಮೆಗೇ ಸುರಿಯುವುದೂ ಬಾರದಾಗ ನೆಲ ಬೇಗನೆ ಒಣಗುವುದೂ ಹೆಚ್ಚುತ್ತವೆ.

ಲೆಕ್ಕವನ್ನು ಸರಿಯಾಗಿ ಮಾಡುವುದು ಒಂದು ವಿದ್ಯೆ. ಆ ಲೆಕ್ಕದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಕೇಳುವುದು ಇನ್ನೊಂದು ವಿದ್ಯೆ. ಮೊದಲನೆಯದರಲ್ಲಿ ಅರೇನಿಯಸ್ಸರು ತಮ್ಮ ಕಾಲವನ್ನು ಅರ್ಧ ಶತಮಾನ ಮೀರಿ ನಿಂತರು. ಎರಡನೆಯದರಲ್ಲಿ ತಮ್ಮ ನಾಡಿನ ಚಳಿಯನ್ನು ದಾಟಿಬರಲಾರದೆ ಹೋದರು. ಅವರ ಪ್ರಬಂಧವನ್ನು ಕೆಳದರ್ಜೆಗೆ ತಳ್ಳಿದವರೂ, ಅವರ ಲೆಕ್ಕವನ್ನು ಕೊಳವೆಯೊಂದನ್ನು ತೋರಿಸಿ ಅಲ್ಲಗಳೆದವರೂ ಪಂಡಿತರೇ. ತಮ್ಮ ಲೆಕ್ಕದ ಫಲವನ್ನು ತಾವೇ ಅರ್ಧ ಕಂಡವರೂ ಪಂಡಿತರೇ. ವಿದ್ಯೆಯಿದ್ದ ಮಾತ್ರಕ್ಕೆ ತಪ್ಪು ನಿಲ್ಲುವುದಿಲ್ಲ. ಆದರೆ ಆ ತಪ್ಪುಗಳನ್ನೆಲ್ಲ ಮುಂದೆ ತಿದ್ದಿದ್ದೂ ತಾಳ್ಮೆಯಿಂದ ಅಳೆದು ನೋಡುವ ಅದೇ ವಿದ್ಯೆ.

ಅವರು ಮುಪ್ಪಿನಲ್ಲಿ ಸೂಚಿಸಿದ ಸೂರ್ಯಶಕ್ತಿ ಇಂದು ಅದೇ ಅಕ್ಷಾಂಶದ ಸಾಲಿನಲ್ಲಿ, ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಒಣನೆಲದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರಸ್ಥಾವರವಾಗಿ ನಿಂತಿದೆ. ಅದೇ ಸಾಲಿನಲ್ಲಿ ರಾಯಚೂರಿನ ಕಲ್ಲಿದ್ದಲ ಸ್ಥಾವರವೂ ಇದೆ. ಇವೆರಡರ ನಡುವೆ ನಾಡು ಯಾವ ದಾರಿಯನ್ನು, ಎಷ್ಟು ಬೇಗ ಹಿಡಿಯುವುದೆಂಬುದನ್ನು ತೀರ್ಮಾನಿಸುವವರು ಇಂದು ನಮ್ಮ ಶಾಲೆಗಳ ಬೆಂಚುಗಳ ಮೇಲೆ ಕುಳಿತಿರುವ ಮಕ್ಕಳು. ಕೋಷ್ಟಕದ ನಮ್ಮ ಸಾಲಿನ ಪಕ್ಕದಲ್ಲಿ ಅರೇನಿಯಸ್ಸರು ಖಾಲಿ ಬಿಟ್ಟ ಜಾಗವನ್ನು ತುಂಬಬೇಕಾದವರು ಅವರು. ಆ ಮಕ್ಕಳಿಗೆ ಲೆಕ್ಕವನ್ನೂ ಕಲಿಸಿ, ಲೆಕ್ಕದ ಆಚೆಗೆ ನೋಡುವುದನ್ನೂ ಕಲಿಸುವುದು ಅಧ್ಯಾಪಕರ ಹೊಣೆ. ಆ ಕಲಿಕೆಗೆ ಆಸರೆಯಾಗಿ ನಿಲ್ಲುವುದು ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಹೊಣೆ. ಉಪ್ಸಾಲಾದ ಮೋಜಣಿದಾರರ ಮಗನ ಚರಿತ್ರೆ ನಮಗೆ ನೆನಪಿಸುವುದು ಇದನ್ನೇ.